ಇನ್ನಯ್ಯ ಬಿಚ್ಚದೆ ಇಟ್ಟ ಪೆಟ್ಟಿಗೆ

ನಮ್ಮ ಗುಣದಲ ಬೆಟ್ಟದ ಮೆಟ್ಟಿಲು ಮನೆಗಳಲ್ಲಿ ಎ.ಸಿ. ಮೆಕ್ಯಾನಿಕ್ ಇನ್ನಯ್ಯನನ್ನು ಯಾರೂ ಬರೀ ಇನ್ನಯ್ಯ ಎನ್ನುತ್ತಿರಲಿಲ್ಲ. ಟೇಪಿನ ಇನ್ನಯ್ಯ ಎಂದೇ ಕರೆಯುತ್ತಿದ್ದರು. ಬೆಟ್ಟದ ಕೆಳಗಿನ ಬೆಜವಾಡ ಪಟ್ಟಣದ ಯಾವ ಮನೆಗೆ ಕರೆದರೂ ಹೀಗೇ: ಒಳಗೆ ಹೋದವನು ಅವರು ಕೊಟ್ಟ ಮಜ್ಜಿಗೆಯನ್ನು ಕಿಟಕಿಯ ಮೇಲಿಟ್ಟು, ಸೊಂಟದಿಂದ ಅಳತೆಯ ಟೇಪು ಎಳೆದು ಕೋಣೆಯ ಉದ್ದಗಲ ಅಳೆಯುತ್ತಿದ್ದ. ಅಳೆದು ಮುಗಿದ ಮೇಲೆ ಮನೆಯವರ ಕಡೆ ತಿರುಗಿ, "ಈ ರೂಮಲ್ಲಿ ಬೆಂಕಿ ಅಂತ ಏನೇನಿದೆ?" ಎಂದು ಕೇಳುತ್ತಿದ್ದ.

"ನಮ್ಮತ್ತೆ ಇದಾರೆ, ಸಾಕಾ?" ಎಂದು ಒಬ್ಬಳು ನಕ್ಕಿದ್ದಳು. ಇನ್ನಯ್ಯ ನಗಲಿಲ್ಲ. ಈ ಒಂದು ವಿಷಯದಲ್ಲಿ ಅವನಿಗೆ ನಗು ಬರುತ್ತಿರಲಿಲ್ಲ. ಹೊಸ ನಮೂನೆಯ ಎ.ಸಿ. ಸೆಟ್ಟುಗಳಲ್ಲಿ ಇರುವುದು ಉರಿಯುವ ಗ್ಯಾಸು. ಅದನ್ನು ಅವನು ಪ್ರತಿ ಮನೆಯಲ್ಲೂ ಬೇಸರವಿಲ್ಲದೆ ವಿವರಿಸುತ್ತಿದ್ದ. "ಅಡುಗೆ ಗ್ಯಾಸಿಗಾದ್ರೆ ನಾತ ಬೆರೆಸಿರ್ತಾರಮ್ಮ, ಸೋರಿದ್ರೆ ಮೂಗಿಗೆ ಗೊತ್ತಾಗುತ್ತೆ. ಇದಕ್ಕೆ ವಾಸನೆ ಅನ್ನೋದೇ ಇಲ್ಲ. ಗಾಳಿಗಿಂತ ಭಾರ ಬೇರೆ. ಸದ್ದಿಲ್ದೆ ಇಳಿದು ನೆಲದ ಮೇಲೆ ಮಲಗಿರುತ್ತೆ. ಚಿಕ್ಕ ರೂಮಾದ್ರೆ ದಟ್ಟವಾಗಿ ಮಲಗಿರುತ್ತೆ. ಅಲ್ಲೊಂದು ದೀಪ ಇದ್ರೆ ಮುಗೀತು."

ಕೆಲಸವೂ ಮಾತಿನಷ್ಟೇ ನಿಧಾನ. ತಾಮ್ರದ ಪೈಪಿನ ಬಾಯಿ ಅಗಲಿಸಿ ನಟ್ಟು ಕೂರಿಸಿ, ನೈಟ್ರೋಜನ್ ತುಂಬಿ, ಒಂದೊಂದು ಜೋಡಣೆಗೂ ಸೋಪಿನ ನೊರೆ ಬಳಿದು ಗುಳ್ಳೆ ಏಳುತ್ತದೆಯೇ ಎಂದು ಕನ್ನಡಕ ಸರಿಮಾಡಿಕೊಂಡು ನೋಡುತ್ತಿದ್ದ. ಆಮೇಲೆ ಪಂಪು ಹಚ್ಚಿ ಪೈಪಿನೊಳಗಿನ ಗಾಳಿಯನ್ನೆಲ್ಲ ಎಳೆಸಿ, ಪಂಪು ನಿಲ್ಲಿಸಿ, ಮಾಪಕದ ಮುಳ್ಳು ಅಲುಗುತ್ತದೆಯೇ ಎಂದು ಕಾಯುತ್ತಾ ಕೂರುತ್ತಿದ್ದ. ಹದಿನಾರು ವರ್ಷದಿಂದ ಜೊತೆಯಲ್ಲಿ ದುಡಿಯುತ್ತಿದ್ದ ಮಸ್ತಾನ್ ವಲಿಗೆ ಈ ಕಾಯುವುದೆಂದರೆ ಹೊಟ್ಟೆಯುರಿ. "ಅಣ್ಣ, ಬೇರೆಯವ್ರು ಇಷ್ಟೊತ್ತಿಗೆ ಎರಡು ಮನೆ ಮುಗಿಸಿ ಪುನುಗುಲು ಬೋಂಡ ತಿಂತಾ ಇರ್ತಾರೆ. ನಾವು ಮುಳ್ಳು ನೋಡ್ಕೊಂಡು ಗಡ್ಡ ಬೆಳೆಸ್ತಾ ಇದೀವಿ."

"ಬೆಳೀಲಿ ಬಿಡು. ಸುಟ್ಕೊಳ್ಳೋದಕ್ಕಿಂತ ಬೆಳೆಯೋದು ವಾಸಿ."

ಎಷ್ಟು ಮನೆಗಳಲ್ಲಿ ಎಷ್ಟು ದೇವರ ದೀಪ ಎತ್ತಿಸಿದ್ದನೋ ಲೆಕ್ಕವಿಲ್ಲ. ಅಜ್ಜಿಯರು ಶಾಪ ಹಾಕಿದ್ದಾರೆ, ಮುಖ ತಿರುಗಿಸಿದ್ದಾರೆ. ಇನ್ನಯ್ಯ ಬಾಗಿಲಲ್ಲಿ ಕಲ್ಲಿನ ಹಾಗೆ ನಿಂತಿರುತ್ತಿದ್ದ. ದೀಪ ಇನ್ನೊಂದು ಕೋಣೆಗೆ ಹೋಗುವವರೆಗೆ ಪೆಟ್ಟಿಗೆಯ ಕಟ್ಟು ಬಿಚ್ಚುತ್ತಿರಲಿಲ್ಲ. ಬೇರೆಯವರ ಮನೆಯ ದೀಪ ಎತ್ತಿಸುವುದು ಏನೂ ಕಷ್ಟವಲ್ಲ ನೋಡಿ.

ಅವನ ಮನೆಯಲ್ಲೂ ಒಂದು ದೀಪವಿತ್ತು. ಒಬ್ಬಳೇ ಮಗಳು ಸಹಾಯರಾಣಿ ಒಂಬತ್ತನೇ ವಯಸ್ಸಿನಲ್ಲಿ ಡೆಂಗಿ ಜ್ವರಕ್ಕೆ ಎರಡೇ ದಿನದಲ್ಲಿ ಹೋಗಿಬಿಟ್ಟಳು. ಮಣ್ಣು ಮಾಡಿದ ದಿನ ಸಮಾಧಿಯ ಮೇಲೆ ಹಚ್ಚಿದ ಮೇಣದಬತ್ತಿಯಿಂದಲೇ ಹೊತ್ತಿಸಿಕೊಂಡು, ಸೆರಗಿನಲ್ಲಿ ಮರೆಮಾಡಿಕೊಂಡು, ಅವಳ ತಾಯಿ ಶೌರಮ್ಮ ಆ ಬೆಂಕಿಯನ್ನು ಮನೆಗೆ ತಂದಿದ್ದಳು. ಮಗುವಿನ ಪಟದ ಕೆಳಗೆ, ನೆಲದ ಮೇಲೆ, ಗಾಜಿನ ಬಟ್ಟಲಿನಲ್ಲಿ ಎಣ್ಣೆ ಹಾಕಿ ಇಟ್ಟಳು. ಹನ್ನೊಂದು ವರ್ಷ ಅದು ಆರಲಿಲ್ಲ. ಬೆಟ್ಟದ ಜನಕ್ಕೆಲ್ಲ ಈ ಸಂಗತಿ ಗೊತ್ತಿತ್ತು. ಇನ್ನಯ್ಯ ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವ ಮುಂಚೆ ಆ ದೀಪದ ಕಡೆ ನೋಡುತ್ತಿದ್ದ. ಅದು ಉರಿಯುತ್ತಿದ್ದರೆ ಹೆಂಡತಿ ಇನ್ನೂ ಬದುಕಿನ ಮೇಲೆ ಆಸೆ ಇಟ್ಟುಕೊಂಡಿದ್ದಾಳೆ ಎಂದು ಅವನ ಲೆಕ್ಕ.

ಆ ವರ್ಷ ಈಸ್ಟರ್ ಕಳೆಯುತ್ತಲೇ ಶೌರಮ್ಮ ಮಲಗಿದಳು. ಕಾಲು ಊದಿತು, ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಕಟ್ಟುತ್ತಿತ್ತು. ಹೃದಯ ದೊಡ್ಡದಾಗಿದೆ, ರಕ್ತ ನೂಕುವ ಶಕ್ತಿ ಕಡಿಮೆಯಾಗಿದೆ ಎಂದರು ಡಾಕ್ಟರು. ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಕೂಡದು. ಮತ್ತೆ, ಮನೆ ತಂಪಾಗಿರಲಿ, ಈ ಬಿಸಿಲನ್ನು ಆ ಹೃದಯ ತಡೆಯುವುದಿಲ್ಲ ಎಂದರು. ನಮ್ಮ ಬೆಟ್ಟದಲ್ಲಿ ತಂಪು! ಹಗಲೆಲ್ಲ ಕಾದ ಬಂಡೆಗೆ ಬೆನ್ನು ಕೊಟ್ಟು ಕಟ್ಟಿದ ಮನೆಗಳು ನಮ್ಮವು. ಮೇ ತಿಂಗಳಲ್ಲಿ ಗೋಡೆ ಮುಟ್ಟಿದರೆ ಕೈ ಚುರುಕ್ ಎನ್ನುತ್ತದೆ.

ಇನ್ನಯ್ಯ ಎರಡೇ ದಿನದಲ್ಲಿ ಒಂದು ಸೆಟ್ಟು ಹೊರಿಸಿಕೊಂಡು ಮೆಟ್ಟಿಲು ಹತ್ತಿ ಬಂದ. ಉರಿಯುವ ಗ್ಯಾಸಿನದೇ. ಹಳೆಯ ನಮೂನೆಯವು ಎಳೆಯುವ ಕರೆಂಟನ್ನು ನಮ್ಮ ಬೆಟ್ಟದ ಲೈನು ತಡೆಯುವುದಿಲ್ಲ. ಹಾಕಿದವರೆಲ್ಲ ಫ್ಯೂಸು ಹಾರಿಸಿಕೊಂಡು ಕತ್ತಲಲ್ಲಿ ಕೂತವರೇ. ಇದು ಕಡಿಮೆ ಕರೆಂಟಿನಲ್ಲಿ ಓಡುತ್ತದೆ. ತನ್ನ ಮನೆಗಿದ್ದ ಒಂದೇ ಕೋಣೆಯನ್ನೂ ಟೇಪು ಎಳೆದು ಅಳೆದ. ಹತ್ತು ಅಡಿಗೆ ಹದಿಮೂರು, ಧಾರಾಳವಾಗಿ ಸಾಲುತ್ತಿತ್ತು. ಅಡುಗೆ ಹೊರಗಿನ ತಗಡಿನ ಚಪ್ಪರದಲ್ಲಿ. ಹಾಗಾಗಿ ಒಳಗೆ ಬೆಂಕಿ ಎಂದು ಇದ್ದದ್ದು ಆ ಬಟ್ಟಲು ಒಂದೇ, ಅದೂ ನೆಲದ ಮೇಲೆ, ಶೌರಮ್ಮನ ಮಂಚದಿಂದ ನಾಲ್ಕು ಮೊಳದಲ್ಲಿ.

ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿ ಇಟ್ಟ. ಸೊಂಟಕ್ಕೆ ಕೈ ಕೊಟ್ಟು ದೀಪ ನೋಡಿದ, ಹೆಂಡತಿಯನ್ನು ನೋಡಿದ. ಸಾವಿರ ಮನೆಯಲ್ಲಿ ಹೇಳಿದ ಮಾತು ಬಾಯಿಗೆ ಬರಲಿಲ್ಲ.

"ಯಾವಾಗಯ್ಯಾ ಹಾಕೋದು?" ಎಂದು ಕೇಳಿದಳು ಶೌರಮ್ಮ.

"ಪೈಪು ಬಂದಿಲ್ಲ. ಬರ್ಲಿ."

ಮೂರು ದಿನ ಬಿಟ್ಟು ಪೈಪು ಬಂತು, ಗೋಡೆಗೆ ಹಾಕುವ ಕಬ್ಬಿಣದ ಸ್ಟ್ಯಾಂಡು ಬರಲಿಲ್ಲ. ಸ್ಟ್ಯಾಂಡು ಬಂದ ಮೇಲೆ ಗೋಡೆ ಕೊರೆಯುವ ಮೆಷಿನ್ನು ಕೆಟ್ಟಿತು. ಇಷ್ಟು ಸುಳ್ಳು ಹೇಳಿದ ಮನುಷ್ಯ ಹುಟ್ಟಿದಂದಿನಿಂದ ಇನ್ನೊಂದು ಸುಳ್ಳು ಹೇಳಿದವನಲ್ಲ. ಶೌರಮ್ಮ ಪ್ರತಿ ಸಲವೂ "ಸರಿ, ಆಗ್ಲಿ ಬಿಡು" ಎಂದು ಗೋಡೆ ಕಡೆ ಹೊರಳುತ್ತಿದ್ದಳು. ಒಮ್ಮೆ ಮಾತ್ರ, "ಊರಿಗೆಲ್ಲ ತಂಪು ಹಂಚಿದೋನ ಮನೇಲಿ ಪೆಟ್ಟಿಗೆ ನೋಡೇ ತಂಪಾಗ್ಬೇಕು ಅನ್ಸುತ್ತೆ" ಎಂದು ನಕ್ಕಳು. ಮೂರನೇ ಲೋಟವನ್ನು ಸಂಜೆಯವರೆಗೆ ಉಳಿಸಿಕೊಳ್ಳಲು ಅವಳು ಪಡುತ್ತಿದ್ದ ಪಾಡು ನೋಡಲಾಗದೆ ಇನ್ನಯ್ಯ ಹೊರಗೆ ಹೋಗಿ ನಿಲ್ಲುತ್ತಿದ್ದ. ಪಕ್ಕದ ಮನೆಯ ಆದಿಲಕ್ಷ್ಮಿ ಒದ್ದೆ ಪಂಚೆ ತಂದು ಅವಳ ಎದೆಯ ಮೇಲೆ ಹಾಸುತ್ತಿದ್ದಳು. ಅರ್ಧ ಗಂಟೆಯೊಳಗೆ ಅದು ಗರಿಗರಿಯಾಗಿ ಒಣಗುತ್ತಿತ್ತು.

ಮಸ್ತಾನ್ ವಲಿ ನೇರ ಮನುಷ್ಯ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ. "ಅಣ್ಣ, ಅತ್ತಿಗೇನ ಒಂದು ಮಾತು ಕೇಳಿದ್ಯಾ?"

"ಏನಂತ ಕೇಳ್ಲಿ? ಮಗೂ ದೀಪ ಆರಿಸ್ತೀನಿ ಅಂತಾನಾ? ಅದನ್ನ ನೋಡ್ಕೊಂಡೇ ಜೀವ ಹಿಡ್ದಿದಾಳೆ ಕಣೋ ಅವ್ಳು."

"ಆರಿಸೋದು ಯಾಕೆ, ಎತ್ತಿಡು."

"ಈ ಬೆಟ್ಟದ ಗಾಳೀಲಿ ಎಲ್ಲಿ ಇಟ್ರೂ ಆರುತ್ತೆ. ಆಮೇಲೆ ಅವಳ ಮುಖ ಹೆಂಗೆ ನೋಡ್ಲಿ?"

"ನೀನು ಕೇಳೋದಿಲ್ಲ, ಅವ್ರು ಹೇಳೋದಿಲ್ಲ. ಮಧ್ಯ ಬಿಸಿಲು ಮಾತ್ರ ಯಾರ ಮುಲಾಜೂ ನೋಡದೆ ಬರ್ತಾ ಇದೆ" ಎಂದು ಮಸ್ತಾನ್ ಸಿಟ್ಟಿನಿಂದ ಚೀಲ ಹೆಗಲಿಗೇರಿಸಿ ಹೊರಟುಹೋದ.

ಇಪ್ಪತ್ತನೇ ದಿನ ಬೆಳಗ್ಗೆ ಶೌರಮ್ಮ ಮಂಚದಿಂದ ಏಳಲು ಹೋಗಿ ಕಣ್ಣು ಕತ್ತಲೆ ಬಂದು ಬಿದ್ದಳು. ಇನ್ನಯ್ಯ ಓಡಿ ಬಂದು ಎತ್ತಿ ಮಲಗಿಸಿದ. ಅವಳಿಗೆ ಎಚ್ಚರವಾಗಿ ಉಸಿರು ಒಂದು ಹದಕ್ಕೆ ಬಂದ ಮೇಲೆ ಕೊನೆಯ ಸುಳ್ಳು ಹೇಳಿದ. ಈ ತಿಂಗಳು ತೀರಿಹೋದ ಮಕ್ಕಳ ಹೆಸರಿನ ದೀಪಗಳನ್ನು ಬೆಟ್ಟದ ಮೇಲಿನ ಮಾತೆಯ ಗುಹೆಯಲ್ಲಿ ಇಟ್ಟರೆ ಒಳ್ಳೆಯದೆಂದು ಫಾದರ್ ಹೇಳಿದ್ದಾರೆ, ಇಟ್ಟು ಬರುತ್ತೇನೆ ಎಂದ. ಶೌರಮ್ಮ ಅವನ ಮುಖವನ್ನೇ ನೋಡಿ, "ಇಟ್ಟು ಬಾ" ಎಂದಳು. ಅಷ್ಟೇ.

ಅವಳನ್ನು ಆದಿಲಕ್ಷ್ಮಿಯ ಜಗಲಿಯಲ್ಲಿ ಕೂರಿಸಿ, ದೀಪವನ್ನು ಎತ್ತರದ ತಗಡಿನ ಡಬ್ಬದೊಳಗೆ ಇಳಿಸಿ, ಎರಡೂ ಕೈಯಲ್ಲಿ ತಬ್ಬಿ ಹಿಡಿದು ಇನ್ನಯ್ಯ ಮೆಟ್ಟಿಲು ಹತ್ತಿದ. ಮೂರನೇ ತಿರುವಿನಲ್ಲಿ ಕೃಷ್ಣೆಯ ಕಡೆಯಿಂದ ಬಿಸಿಗಾಳಿ ಬೀಸಿತು. ಡಬ್ಬದೊಳಗೆ ಇಣುಕಿದ. ಹೊಗೆಯ ಒಂದು ಎಳೆ ಬಿಟ್ಟರೆ ಏನೂ ಇರಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತ. ಮಗಳು ಸತ್ತ ದಿನ ಜನರ ಮಧ್ಯೆ ಅಳಲಾಗದೆ ನುಂಗಿಕೊಂಡದ್ದೆಲ್ಲ ಆವತ್ತು ಬಂತು. ಆಮೇಲೆ ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದು ಹೊಸ ಬೆಂಕಿ ಹಚ್ಚಿ, ಮೇಲೆ ನೂರಾರು ಮೇಣದಬತ್ತಿಗಳ ನಡುವೆ ಇಟ್ಟು ಬಂದ.

ಸೆಟ್ಟನ್ನು ಹಾಕುವಾಗ ಮಾತ್ರ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಗೋಡೆ ಕೊರೆದು, ಪೈಪು ಎಳೆದು, ನೊರೆ ಬಳಿದು, ಪಂಪು ಹಚ್ಚಿದರು. ಮುಳ್ಳು ನೋಡುತ್ತಾ ಕೂತಾಗ ಮಸ್ತಾನ್ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದ. ಹೊರಗೆ ಶೌರಮ್ಮ ಏದುಸಿರು ಬಿಡುವುದು ಕೇಳುತ್ತಿತ್ತು. ಇನ್ನಯ್ಯ ಕಾಯಬೇಕಾದಷ್ಟು ಹೊತ್ತೂ ಕಾದ. ಗ್ಯಾಸು ಬಿಟ್ಟ ಮೇಲೆ ಸೋರಿಕೆ ಪತ್ತೆ ಹಚ್ಚುವ ಮೆಷಿನ್ನನ್ನು ಜೋಡಣೆಗಳಿಗೂ ನೆಲದ ಮೂಲೆಮೂಲೆಗೂ ಹಿಡಿದು ನೋಡಿ, ಹೊರಗೆ ಹೋಗಿ, "ಬಾ ಶೌರಿ" ಎಂದ.

ಕೋಣೆ ತಂಪಾಯಿತು. ಶೌರಮ್ಮ ಮೊದಲ ದಿನವೆಲ್ಲ ನಿದ್ದೆ ಮಾಡಿದಳು. ಎರಡನೇ ದಿನ ಮೊಸರನ್ನ ಕೇಳಿ ತಿಂದಳು. ಹೊದಿಕೆ ಕೇಳಿದಳು! ಮೇ ತಿಂಗಳಲ್ಲಿ ಹೊದಿಕೆ ಕೇಳಿದ್ದನ್ನು ಆದಿಲಕ್ಷ್ಮಿ ಬೆಟ್ಟಕ್ಕೆಲ್ಲ ಸಾರಿ ಬಂದಳು. ಗಂಡ ದಿನಾ ಬೆಳಗ್ಗೆ ಗುಹೆಗೆ ಹೋಗಿ ಎಣ್ಣೆ ಹಾಕಿ ಬಂದು, "ಉರೀತಿದೆ" ಎನ್ನುತ್ತಿದ್ದ.

ನಾಲ್ಕನೇ ದಿನ ಮಧ್ಯಾಹ್ನ ಅವಳು ಅವನನ್ನು ಮಂಚದ ಮೇಲೆ ಕೂರಿಸಿಕೊಂಡಳು. "ಏನಯ್ಯಾ, ಮೂರನೇ ತಿರುವಲ್ಲಿ ಆರಿತ್ತಲ್ಲ ದೀಪ?"

"ನಿಂಗೆ ಹೆಂಗೆ ಗೊತ್ತು?" ಎಂದ ಇನ್ನಯ್ಯ.

"ಆದಿಲಕ್ಷ್ಮಿ ಜಗಲೀಲಿ ಕೂತ್ರೆ ಮೆಟ್ಟಿಲೆಲ್ಲ ಕಾಣುತ್ತೆ. ನೀನು ಡಬ್ಬ ಕೆಳಗಿಟ್ಟು ತಲೆ ಮೇಲೆ ಕೈ ಹೊತ್ಕೊಂಡು ಕೂತೆ. ಅಯ್ಯೋ ಪೆದ್ದೇ, ಇಷ್ಟಕ್ಕೆಲ್ಲ ಅಳ್ತಾರಾ ಅಂದ್ಕೊಂಡೆ ನಾನು."

"ಹನ್ನೊಂದು ವರ್ಷ ಆರದೆ ಇದ್ದದ್ದು ಶೌರಿ. ನನ್ ಕೈಯಲ್ಲಿ ಆರಿಹೋಯ್ತು."

"ಆರಿಲ್ಲ ಅಂತ ಯಾರು ಹೇಳಿದ್ದು ನಿಂಗೆ? ಮೊದಲ ವರ್ಷಾನೇ ಆರಿತ್ತು. ಮಳೆಗಾಲದಲ್ಲಂತೂ ವಾರಕ್ಕೊಂದ್ಸಲ. ನೀನು ಬರೋದ್ರೊಳಗೆ ಕಡ್ಡಿ ಗೀರಿ ಹಚ್ಚಿಡ್ತಿದ್ದೆ. ಬಂದೋನು ಚಪ್ಪಲಿ ಬಿಡೋ ಮುಂಚೆ ಅದರ ಕಡೇನೇ ನೋಡ್ತಿದ್ದೆ. ಅದು ಆರಿದ್ದು ಕಂಡ್ರೆ ನೀನು ಕುಸಿದು ಹೋಗ್ತೀಯ ಅಂತ ಹೆದರಿಕೆ ನಂಗೆ."

"ನಾನು ನೋಡ್ತಿದ್ದದ್ದು ನಿನಗೋಸ್ಕರ ಕಣೇ."

ಶೌರಮ್ಮ ಪಟದ ಕೆಳಗಿನ ಖಾಲಿ ಜಾಗ ನೋಡಿದಳು. ಆಮೇಲೆ ಹೇಳಿದಳು, "ಪೆಟ್ಟಿಗೆ ಬಂದ ದಿನವೇ ದೀಪ ತೆಗೆದ್ಬಿಡು ಅನ್ನೋಣ ಅಂತಿದ್ದೆ. ನಿನ್ ಮುಖ ನೋಡಿ ಬಾಯಿ ಬರ್ಲಿಲ್ಲ. ಪೈಪು ಇಲ್ಲ, ಸ್ಟ್ಯಾಂಡು ಇಲ್ಲ ಅಂದಾಗೆಲ್ಲ, ಪಾಪ, ಮಗೂ ದೀಪ ಬಿಡೋಕೆ ಮನಸ್ಸಿಲ್ಲ ಇವನಿಗೆ, ಇರ್ಲಿ, ತಡ್ಕೊಳೋಣ ಅಂತ ಸುಮ್ನಾಗ್ತಿದ್ದೆ."

ಹತ್ತೊಂಬತ್ತು ದಿನ. ಇನ್ನಯ್ಯನ ತಲೆಯಲ್ಲಿ ಆ ಹತ್ತೊಂಬತ್ತು ದಿನಗಳು ಒಂದೊಂದಾಗಿ ಹಾದುಹೋದವು, ಒಂದೊಂದರಲ್ಲೂ ಅವಳ ಒಣಗಿದ ತುಟಿ.

"ಇನ್ನೊಂದು ಲೋಟ ನೀರು ಕೊಡ್ತೀಯಾ?" ಎಂದಳು ಅವಳು. "ಮೂರು ಆಗೋಗಿದೆ, ಗೊತ್ತು."

ಅಳತೆ ಬಿಟ್ಟು ಒಂದು ಹೆಜ್ಜೆ ಇಡದ ಮನುಷ್ಯ ಎದ್ದು ಹೋಗಿ ಮಡಕೆಯಿಂದ ಲೋಟ ತುಂಬಿ ತಂದ. ಅವಳು ಎರಡು ಗುಟುಕು ಕುಡಿದು, "ತಂಪಾಗಿದೆ ಕಣಯ್ಯಾ" ಎಂದು ಉಳಿದದ್ದನ್ನು ವಾಪಸು ಕೊಟ್ಟಳು. ಮರುದಿನ ಬೆಳಗ್ಗೆ ಇನ್ನಯ್ಯ ಗುಹೆಯಿಂದ ಬರುವಷ್ಟರಲ್ಲಿ ಆದಿಲಕ್ಷ್ಮಿ ಬಾಗಿಲಲ್ಲಿ ಎದೆ ಬಡಿದುಕೊಳ್ಳುತ್ತಿದ್ದಳು.

ಎರಡು ಗುಟುಕು ನೀರಿನಿಂದಲ್ಲ, ಆ ಹೃದಯ ಬಿಸಿಲಲ್ಲಿ ದುಡಿದು ದುಡಿದು ಸೋತಿತ್ತು ಎಂದರು ಡಾಕ್ಟರು. ಹತ್ತೊಂಬತ್ತು ದಿನ ಮುಂಚೆಯೇ ತಂಪಲ್ಲಿ ಇಟ್ಟಿದ್ದರೆ ಉಳಿಯುತ್ತಿದ್ದಳೇ ಎಂದು ಇನ್ನಯ್ಯ ಕೇಳಿದ. ಹೇಳಲಾಗದು ಎಂದರು. ಇಲ್ಲ ಎಂದಿದ್ದರೆ ಅವನು ಹೇಗೋ ಬದುಕಿಕೊಳ್ಳುತ್ತಿದ್ದ.

ನಲವತ್ತು ದಿನ ಕಳೆದ ಮೇಲೆ ಸೆಟ್ಟನ್ನು ಕ್ರಮವಾಗಿ ಬಿಚ್ಚಿ ಆದಿಲಕ್ಷ್ಮಿಯ ಮನೆಗೆ ಹಾಕಿಕೊಟ್ಟ. ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು. ಈಗ ಅವನ ಕೋಣೆಯಲ್ಲಿ ದೀಪ ಹಚ್ಚಲು ಯಾವ ಅಡ್ಡಿಯೂ ಇರಲಿಲ್ಲ. ಬಟ್ಟಲನ್ನು ಗುಹೆಯಿಂದ ತಂದು ತೊಳೆದು ಎರಡು ಪಟಗಳ ಕೆಳಗೆ ಇಟ್ಟಿದ್ದಾನೆ. ಹಚ್ಚಿದರೆ ಯಾರು ಯಾರಿಗಾಗಿ ನೋಡಬೇಕು ಎಂದು ತಿಳಿಯದೆ ಹಾಗೇ ಬಿಟ್ಟಿದ್ದಾನೆ.

ಮೊನ್ನೆ ಸತ್ಯನಾರಾಯಣಪುರದ ಒಂದು ಮನೆಯಲ್ಲಿ ಕೋಣೆ ಅಳೆದು, ಮೂಲೆಯಲ್ಲಿ ಉರಿಯುತ್ತಿದ್ದ ದೀಪ ತೋರಿಸಿದ. ಮನೆಯ ಯಜಮಾನ ಕೈಯಾಡಿಸಿದ. "ಅದು ನಮ್ಮಮ್ಮಂದು. ಅದನ್ನ ತೆಗಿಯೋಕೆ ಅವ್ರು ಸುತರಾಂ ಒಪ್ಪಲ್ಲ. ನೀವು ಹೆಂಗೋ ಹಾಕಿ ಹೋಗಿ."

"ಕೇಳಿದ್ರಾ ಅವ್ರನ್ನ?"

"ಕೇಳೋದೇನ್ರೀ, ನಂಗೊತ್ತಿಲ್ವಾ ನಮ್ಮಮ್ಮ?"

ಇನ್ನಯ್ಯ ಬಿಚ್ಚದ ಪೆಟ್ಟಿಗೆಯ ಮೇಲೆ ಕೂತುಬಿಟ್ಟ. ಮಸ್ತಾನ್ ತೆಗೆಯುತ್ತಿದ್ದ ಪೈಪನ್ನು ಮತ್ತೆ ಚೀಲಕ್ಕೆ ಹಾಕಿದ. "ಒಳಗೆ ಹೋಗಿ ಒಂದು ಮಾತು ಕೇಳಿ ಬನ್ನಿ ಸ್ವಾಮಿ" ಎಂದ ಇನ್ನಯ್ಯ. "ಈಗ್ಲೇ ಹೋಗಿ. ನಾನು ಕಾಯ್ತೀನಿ."