ಟೀವಿಯೊಳಗೆ ಇಳಿದ ಪೂಜೆಯ ನೀರು

ಧಾರವಾಡದ ಮಾಳಮಡ್ಡಿಯ ಬಾಡಿಗೆ ಮನೆಯಲ್ಲಿ ನನ್ನ ಹೆಂಡತಿ ಜಂಪರು ಹೊಲಿದು ಕೂಡಿಟ್ಟ ಹಣದಲ್ಲಿ ಬಣ್ಣದ ಟೀವಿ ತಂದಳು. ತೊಂಬತ್ತರ ದಶಕದ ಮಾತು. ನಾನು ದಲಾಲಿ ಅಂಗಡಿಯ ಗುಮಾಸ್ತ. ಆ ಟೀವಿಯಲ್ಲಿ ನನ್ನದೊಂದು ಪೈಸೆಯೂ ಇರಲಿಲ್ಲ. ಯಜಮಾನಿಕೆ ಮಾತ್ರ ನನ್ನದು. ಒದ್ದೆ ಕೈಯಲ್ಲಿ ಮುಟ್ಟಬೇಡಿ, ಹಸಿ ಬಟ್ಟೆಯಿಂದ ಒರೆಸಬೇಡಿ ಎಂದು ಮನೆಮಂದಿಗೆ ದಿನವೂ ಪಾಠ ಹೇಳುತ್ತಿದ್ದೆ.

ನವರಾತ್ರಿಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆಯ ದಿನ ಆಕೆ ಹೊಲಿಗೆ ಯಂತ್ರಕ್ಕೂ ಟೀವಿಗೂ ಒಣ ವಿಭೂತಿ ಹಚ್ಚಿ, ಚೆಂಡುಹೂವು ಇಟ್ಟು ಪಕ್ಕದ ಮನೆಗೆ ಹೋದಳು. ನಾನು ಅಂಗಳದಲ್ಲಿ ಸೈಕಲ್ ತೊಳೆದು ಪೂಜಿಸಿ ಒಳಗೆ ಬಂದೆ. ನೀರು ಕಾಣದ ಪೂಜೆ ಎಂಥ ಪೂಜೆ ಎನ್ನಿಸಿತು. ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಟೀವಿಯ ನೆತ್ತಿಗೂ ಬಿಟ್ಟೆ. ಅದು ಹಿಂದಿನ ಸೀಳುಗಳಲ್ಲಿ ಇಳಿದುಹೋಯಿತು. ಮೇಲಿನದನ್ನು ಧೋತರದ ಚುಂಗಿನಿಂದ ಒರೆಸಿ ಸುಮ್ಮನಾದೆ. ಸಂಜೆ ಟೀವಿ ಹಚ್ಚಿದಾಗ ಚಿತ್ರ ಒಮ್ಮೆ ನಡುಗಿ ಕಪ್ಪಾಯಿತು.

ಟೀವಿ ಕೊಂಡಿದ್ದ ಹುಬ್ಬಳ್ಳಿಯ ಅಂಗಡಿಗೇ ಒಯ್ದೆವು. ಮೆಕ್ಯಾನಿಕ್ ಬಿಚ್ಚಿ ನೋಡಿದ ಮೇಲೆ ಮಾಲೀಕರು ಗ್ಯಾರಂಟಿ ಕಾರ್ಡನ್ನು ನಮ್ಮತ್ತ ಸರಿಸಿದರು.

“ಒಳಗ ನೀರು ಹೋಗೇತ್ರಿ. ಇದು ಗ್ಯಾರಂಟಿಯೊಳಗ ಬರೂದಿಲ್ಲ.”

“ನಮ್ಮನ್ಯಾಗ ಅದಕ್ಕ ಹಸಿ ಅರಬಿ ಸೈತ ತಾಗಿಸಿಲ್ರಿ,” ಎಂದಳು ಆಕೆ.

“ಎಲ್ಲಾರೂ ಹಿಂಗ ಹೇಳ್ತಾರ್ರಿ ಅಕ್ಕಾರ.”

ಟೀವಿ ಕೆಟ್ಟದ್ದಕ್ಕಿಂತ ತನ್ನನ್ನು ಸುಳ್ಳುಬುರುಕಿ ಎಂದಂತಾದದ್ದು ಆಕೆಗೆ ನಟ್ಟಿತು. ನಾನು ಪಕ್ಕದಲ್ಲಿ ನಿಂತು ಗೋಡೆಯ ಫ್ಯಾನು ನೋಡುತ್ತಿದ್ದೆ. ಇಷ್ಟು ವರ್ಷಗಳ ಮೇಲೂ ಆ ಫ್ಯಾನು ನೆನಪಾದರೆ ನಾಚಿಕೆಯಾಗುತ್ತದೆ. ಆಕೆ ಮತ್ತೆ ಮತ್ತೆ ಹೋಗಿ ಕೇಳಿದಳು. ಅದೇ ಉತ್ತರ.

ದೀಪಾವಳಿಯ ಅಮಾವಾಸ್ಯೆಗೆ ಇಬ್ಬರೂ ಹೋದಾಗ ಅಂಗಡಿಯಲ್ಲಿ ಲಕ್ಷ್ಮೀಪೂಜೆ ನಡೆದಿತ್ತು. ಮಾಲೀಕರು ವೀಳ್ಯದೆಲೆಯಿಂದ ಕಲಶದ ನೀರನ್ನು ಸಾಲು ಟೀವಿಗಳ ಮೇಲೆಲ್ಲ ಚಿಮುಕಿಸುತ್ತಿದ್ದರು.

“ಅಣ್ಣಾರ, ಅದೇನ್ರಿ ಚಿಮುಕಿಸಾಕತ್ತೀರಿ?”

“ಕಳಸದ ನೀರ್ರಿ.”

“ನಿಮ್ಮ ನೀರು ಮ್ಯಾಲಿಂದ ಮ್ಯಾಲ ಆರತೈತಿ, ನಮ್ಮನಿ ನೀರಷ್ಟ ಒಳಗ ಇಳೀತೈತೇನ್ರಿ? ನನಗ ಮಾರೂಕಿಂತ ಮೊದಲ ಆ ಟೀವಿಗೆ ನೀವೆಷ್ಟು ಪೂಜಿ ಮಾಡಿದ್ರೋ ಯಾರಿಗ್ಗೊತ್ತು.”

ಗಿರಾಕಿಗಳು ನಕ್ಕರು. “ಜವಾಬು ಕೊಡ್ರಿ ಸಾವಕಾರ,” ಎಂದರೊಬ್ಬರು. ಮಾಲೀಕರೂ ನಗಲೇಬೇಕಾಯಿತು.

“ಆತ್ರಿ ತಾಯಿ, ಪುಕ್ಕಟ ಮಾಡಿಸಿ ಕೊಡ್ತೇನಿ.”

ಧಾರವಾಡದ ಬಸ್ಸಿನಲ್ಲಿ ಆಕೆಯ ಪಕ್ಕ ಕುಳಿತಾಗ ನನ್ನ ಎದೆ ಉಬ್ಬಿತ್ತು. ಯಾವ ವಕೀಲ ಹಾಗೆ ಕೇಳಿಯಾನು?

“ನೀವು ನನ್ನ ಮಾತು ನಂಬಿ ಸಂಗಾಟ ಬಂದ್ರಿ ನೋಡ್ರಿ, ಅದಕ್ಕ ಧೈರ್ಯಾ ಬಂತು,” ಎಂದಳು.

ಅದನ್ನು ನುಂಗಿಕೊಳ್ಳಲು ನನ್ನಿಂದಾಗಲಿಲ್ಲ. ತಂಬಿಗೆಯ ವಿಷಯ ಹೇಳಿಬಿಟ್ಟೆ.

ಆಕೆ ಬೈಯಲಿಲ್ಲ. ದಾರಿಯಲ್ಲಿ ಉಣಕಲ್ ನಿಲ್ದಾಣ ಬಂದಾಗ ಎದ್ದು ನಿಂತಳು.

“ಇಳೀರಿ. ಖರೇ ಹೇಳಿದವರನ್ನ ಮಂದ್ಯಾಗ ನಗಿಗೀಡ ಮಾಡಿ ಬಂದೇನಿ.”

“ನಾಳೆ ಹೋದ್ರಾತು. ಇವತ್ತ ಹಬ್ಬ.”

“ನಾಳೆ ಆ ಮಂದಿ ಇರ್ತಾರೇನು?”

ಹುಬ್ಬಳ್ಳಿಗೆ ಮರಳುವ ಎದುರಿನ ಬಸ್ಸು ಹಿಡಿದೆವು. ಅಂಗಡಿಯಲ್ಲಿ ಗಿರಾಕಿಗಳು ಇನ್ನೂ ಪೂಜೆಯ ಫಳಾರ ತಿನ್ನುತ್ತಿದ್ದರು.

“ನೀರು ನಮ್ಮನೀದ ಐತ್ರಿ ಅಣ್ಣಾರ,” ಎಂದಳು ಎಲ್ಲರ ಮುಂದೆ. “ರಿಪೇರಿ ಖರ್ಚು ನಮ್ಮದು. ಆದ್ರ ನಾನು ಸುಳ್ಳು ಹೇಳಿದ್ದಿಲ್ಲ. ನನಗ ಗೊತ್ತಾಗಿದ್ದ ಈಗ.”

ಮಾಲೀಕರು ನನ್ನತ್ತ ನೋಡಿದರು.

“ನೀರು ಸುರುವಿದಾವ ನಾನ್ರಿ,” ಎಂದೆ.

ಅವರು ಕೈಯಲ್ಲಿದ್ದ ತಾಟು ಕೆಳಗಿಟ್ಟರು. “ನೀವು ಸುಳ್ಳು ಹೇಳೋರಲ್ರಿ ಅಕ್ಕಾರ. ಹಂಗ ಅಂದಿದ್ದು ನನ್ನ ತಪ್ಪು,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಮಂದಿ ಈಗ ನನ್ನನ್ನು ನೋಡಿ ನಗುತ್ತಿದ್ದರು. ಮುಖ ಎತ್ತಲಾಗಲಿಲ್ಲ. ಆದರೂ ಈಕೆಯ ಗಂಡ ನಾನೇ ಎಂದು ಅವರಿಗೆಲ್ಲ ತಿಳಿಯಲೆಂದು, ಸರಿದು ಆಕೆಯ ಮಗ್ಗುಲಿಗೆ ನಿಂತುಕೊಂಡೆ.