ಮಾವನ ಬೆನ್ನಿನ ಕುರು

ಮೊನ್ನೆ ಹಗರಿಬೊಮ್ಮನಹಳ್ಳಿಯಲ್ಲಿ ದವಡೆ ಹಲ್ಲು ಕೀಳಿಸಲು ಹೋಗಿದ್ದೆ. ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ತಡ, ಹಲ್ಲುನೋವು ಮಾಯವಾಗಿ, ಎದ್ದು ಮನೆಗೆ ಹೋಗಿಬಿಡೋಣವೆನಿಸಿತು. ಡಾಕ್ಟರ್ ಹುಡುಗಿ ಸೂಜಿ ಎತ್ತಿ, "ಏನೂ ಗೊತ್ತಾಗಂಗಿಲ್ರಿ ಮೇಡಂ" ಅಂದಳು. ಸೂಜಿ ತಾಗುವ ಮೊದಲೇ ನನ್ನ ಕಣ್ಣಲ್ಲಿ ನೀರು. ಆಗ ನೆನಪಾದವರು ಕೊಟ್ಟೂರಿನ ನನ್ನ ಸೋದರತ್ತೆಯ ಗಂಡ, ಡ್ರಿಲ್ ಮಾಸ್ತರರಾಗಿದ್ದ ಮಾವ.

ಅವರ ಮನೆಯಲ್ಲಿದ್ದುಕೊಂಡು ನಾನು ಕಾಲೇಜು ಓದಿದವಳು. ಮಾವ ಸೀಟಿ ಊದಿದರೆ ಇಡೀ ಮೈದಾನ ನೆಟ್ಟಗಾಗುತ್ತಿತ್ತು. ಇಂಜೆಕ್ಷನ್ ಅಂದರೆ ಮಾತ್ರ ಅವರೇ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಒಮ್ಮೆ ಅವರ ಬೆನ್ನಿಗೆ ನಿಂಬೆಹಣ್ಣಿನಷ್ಟು ಕುರು ಎದ್ದಿತು. ಮೂರು ದಿನ ಜ್ವರ, ನಿದ್ದೆಯೂ ಕೂತೇ. ಆಸ್ಪತ್ರೆಗೆ ಹೋಗೋಣವೆಂದು ಅತ್ತೆ ಗೋಗರೆದರೂ, "ಸೂಜಿ ಗೀಜಿ ಬ್ಯಾಡ, ಕೊಟ್ರಪ್ಪನ್ನ ಕರಸು" ಎಂದೇ ಹಟ. ಕೊಟ್ರಪ್ಪ ಅವರ ಕ್ಷೌರ ಮಾಡುತ್ತಿದ್ದವನು. ಕುರು ಕೊಯ್ಯುವುದರಲ್ಲೂ ಪಳಗಿದ ಕೈ. ಕತ್ತಿಗೆ ಹೆದರದ ಮನುಷ್ಯ ಸೂಜಿಗೆ ಹೆದರುವುದು ಹೇಗೋ, ನೀವೇ ಹೇಳಿ.

ಕೊಟ್ರಪ್ಪ ಬಂದವನೇ ಕತ್ತಿಯನ್ನು ಪಂಚೆಗೆ ಒರೆಸಿಕೊಂಡ. ಅತ್ತೆ ಅದನ್ನು ಕಸಿದುಕೊಂಡರು.

"ತಡಿಯಪ್ಪಾ, ಕುದಿಯೋ ನೀರಿಗೆ ಹಾಕ್ತೀನಿ. ನರ್ಸಮ್ಮ ಹೇಳ್ಯಾಳ."

ಚಹಾ ಪಾತ್ರೆಯಲ್ಲಿ ಕತ್ತಿ ಕುದಿಯಿತು. "ಒಂದೀಟು ಸಕ್ಕರಿನೂ ಹಾಕ್ರಿ ಅಕ್ಕಾರ" ಎಂದು ಕೊಟ್ರಪ್ಪ ಗೊಣಗಿದ.

ಅರಿವಳಿಕೆ ಬರುವ ಮುಂಚೆ ರಾಜನಿಗೂ ಸಿಪಾಯಿಗೂ ಇದ್ದದ್ದು ಒಂದೇ ಉಪಾಯವಂತೆ: ನಾಲ್ಕು ಮಂದಿ ಅದುಮಿ ಹಿಡಿಯುವುದು, ಒಬ್ಬ ಬೇಗ ಬೇಗ ಕೊಯ್ಯುವುದು. ನಮ್ಮಲ್ಲಿ ಹಿಡಿಯಲು ಇದ್ದದ್ದು ಇಬ್ಬರೇ. ಅತ್ತೆ ತೋಳು ಹಿಡಿದರು, ನನ್ನ ಪಾಲಿಗೆ ಕಾಲು ಬಂತು. ಮಾವ ಟವೆಲ್ ಕಚ್ಚಿಕೊಂಡು ಬೋರಲು ಮಲಗಿದರು.

ಕೊಟ್ರಪ್ಪ ಮೆಲ್ಲಗೆ ಅಂದ: "ಮಾಸ್ತರೇ, ಖೋಖೋ ಪಂದ್ಯದಾಗ ನೀವು ಹಡಗಲಿಯೋರ ಕಡಿಗೆ ಸೀಟಿ ಊದಿದ್ರಂತ ಊರೆಲ್ಲ ಮಾತಾಡ್ತೈತ್ರಿ."

ಟವೆಲ್ ಹಾರಿತು. "ಯಾವನಲೇ ಹಂಗಂದವ?"

"ಮುಗೀತ್ರಿ" ಅಂದ ಕೊಟ್ರಪ್ಪ. ಕೀವು ಆಗಲೇ ಹರಿಯುತ್ತಿತ್ತು.

ನೋವು ಆಮೇಲೆ ಗೊತ್ತಾಯಿತು. ಆಗ ಮಾವ ಹಾಕಿದ ಕೂಗಿಗೆ ಎದುರುಮನೆಯವರು ಓಡಿಬಂದರು. ಮರುದಿನ ಜ್ವರವೇನೋ ಇಳಿಯಿತು, ಆದರೆ ವಾರವಿಡೀ ಮಾವ "ಹಂಗಂದವ ಯಾವನು?" ಎಂದು ಬೀದಿ ಬೀದಿ ವಿಚಾರಿಸಿದರು. ಹಾಗೆ ಯಾರೂ ಅಂದಿರಲಿಲ್ಲ. ಇವರು ಕೇಳುತ್ತ ಹೋದದ್ದರಿಂದ ಊರೆಲ್ಲ ಅನ್ನತೊಡಗಿತು.

ಈ ಕಥೆ ಹೇಳಿ ನಾನು ಎಷ್ಟು ಮದುವೆಮನೆಗಳಲ್ಲಿ ಜನರನ್ನು ನಗಿಸಿದ್ದೇನೋ ಲೆಕ್ಕವಿಲ್ಲ, ಅದೂ ಮಾವನ ಎದುರಿಗೇ. ಈಗ ಅವರಿಲ್ಲ.

ನನ್ನ ಹಲ್ಲು ಕಿತ್ತದ್ದು ನಿಜಕ್ಕೂ ಗೊತ್ತಾಗಲಿಲ್ಲ. ಹೊರಗೆ ಬಂದು, ಮರಗಟ್ಟಿದ ಬಾಯಲ್ಲೇ ಅತ್ತೆಗೆ ಫೋನ್ ಮಾಡಿ, ಸೂಜಿ ನೋಡಿಯೇ ಅತ್ತುಬಿಟ್ಟೆನೆಂದು ಒಪ್ಪಿಕೊಂಡೆ.

ಅತ್ತೆ ಅಂದರು: "ನಿಮ್ಮ ಮಾವನೂ ಅವತ್ತು ಕೊಟ್ರಪ್ಪ ಬರೋಕಿಂತ ಮುಂಚಿ ಅಡಿಗಿಮನ್ಯಾಗ ಕೂತು ಅತ್ತಿದ್ರವ್ವ. ನಿನಗ ಹೇಳಬ್ಯಾಡ ಅಂದಿದ್ರು, ಹುಡುಗಿ ನಗ್ತಾಳ ಅಂತ."

ಮಾವ ನನ್ನನ್ನು ಸರಿಯಾಗಿಯೇ ಅಳೆದಿದ್ದರು.