ಮುದಕಪ್ಪನ ಸರದಿ

ಮುಂಡರಗಿ ಕಡೆಯ ಹೊಳೆದಂಡೆಯ ಹಳ್ಳಿಗಳಲ್ಲಿ ಬಾವಿಗೆ ಕೊಡ ಬಿದ್ದರೆ, ಪಂಪು ಕಳಚಿ ತಳ ಸೇರಿದರೆ, ಕೊನೆಗೆ ಮನುಷ್ಯನೇ ಬಿದ್ದರೂ ಮುದಕಪ್ಪನಿಗೆ ಹೇಳಿಕಳಿಸುತ್ತಿದ್ದರು. ಅವನು ಬಂದು ಅಂಗಿ ಕಳಚಿಟ್ಟು, ಯಾರೊಂದಿಗೂ ಮಾತಾಡದೆ ಧುಮುಕುತ್ತಿದ್ದ. ಎರಡು ನಿಮಿಷ, ಎರಡೂವರೆ ನಿಮಿಷ. ಮೇಲೆ ನಿಂತವರು ‘ಹೋದಾ’ ಅಂದುಕೊಳ್ಳುವ ಹೊತ್ತಿಗೆ ಅವನ ಕೈ ಬಾವಿಯ ಮೆಟ್ಟಿಲು ಹಿಡಿಯುತ್ತಿತ್ತು. ಕಲ್ಲು ಕೈಗೆ ತಗಲಿದ ಮೇಲೆಯೇ ಉಸಿರು ಬಿಡುತ್ತಿದ್ದ. ನಡುನೀರಿನಲ್ಲಿ ಬಾಯಿ ಬಿಟ್ಟರೆ ನೀರನ್ನೇ ಎಳೆದುಕೊಳ್ಳುತ್ತೀ ಎಂದು ಅವನ ಅಪ್ಪ ಎಂಟನೇ ವಯಸ್ಸಿಗೇ ಬೆನ್ನಿಗೆ ಗುದ್ದಿ ಕಲಿಸಿದ್ದನಂತೆ.

ನಾನು ಬೆಟಗೇರಿಯ ಶಫೀಕ. ನನ್ನ ವಿದ್ಯೆ ಬೇರೆ. ಮುರ್ಡೇಶ್ವರದಲ್ಲಿ ಆರು ವರ್ಷ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು, ಪ್ರವಾಸಿಗರ ಕೈ ಹಿಡಿದು ಸಮುದ್ರದಡಿ ಮೀನು ತೋರಿಸಿದವನು. ಸರ್ಟಿಫಿಕೇಟು ಇದೆ, ಲ್ಯಾಮಿನೇಶನ್ ಕೂಡ ಮಾಡಿಸಿದ್ದೇನೆ. ಮಗಳು ನೂರೀನ ಹುಟ್ಟಿದ ಮೇಲೆ ಊರಿಗೆ ಬಂದೆ. ಹೊಳೆಯಿಂದ ನೀರೆತ್ತುವ ದೊಡ್ಡ ಬಾವಿಗಳ ತಳದಲ್ಲಿ ಕಸ ತಡೆಯುವ ಜಾಳಿಗೆ ಸ್ವಚ್ಛ ಮಾಡಿಸುವ ಗುತ್ತಿಗೆದಾರನೊಬ್ಬ ಸಿಕ್ಕ. ಒಬ್ಬನೇ ಇಳಿಯುವುದಿಲ್ಲ, ಜೋಡಿ ಬೇಕು ಎಂದೆ. ನನ್ನಂಥ ಇನ್ನೊಬ್ಬನನ್ನು ತರಿಸುವ ಬದಲು ಆ ಪುಣ್ಯಾತ್ಮ ಮುದಕಪ್ಪನನ್ನು ಕರೆತಂದ.

"ನೀರಾಗ ಹುಟ್ಟಿದ ಮನುಷ್ಯಾ ಇಂವಾ. ನಾಕ ದಿನದಾಗ ತಯಾರ ಮಾಡು," ಎಂದ.

ನಾಲ್ಕು ದಿನ! ನಾಲ್ಕು ದಿನದಲ್ಲಿ ಸೈಕಲ್ಲೂ ಬರುವುದಿಲ್ಲ. ಆದರೂ ನಾನು ಒಲ್ಲೆ ಅನ್ನಲಿಲ್ಲ. ತಪ್ಪಿನಲ್ಲಿ ಆ ಪಾಲು ನನ್ನದು.

ಶಿರಹಟ್ಟಿ ದಾರಿಯಲ್ಲಿ ನೀರು ನಿಂತ ಒಂದು ಹಳೆಯ ಕಲ್ಲುಕ್ವಾರಿಯಲ್ಲಿ ಕಲಿಸಿದೆ. ಮೊದಲ ದಿನವೇ ಹೇಳಿದೆ: "ಕಾಕಾ, ಒಂದ ಮಾತ ನೆನಪಿಡ್ರಿ. ತಳದಾಗ ಸಿಲಿಂಡರ್ ಗಾಳಿ ತಗೊಂಡಮ್ಯಾಲೆ, ಮ್ಯಾಲೆ ಬರೂವಾಗ ಉಸುರು ಹಿಡಿಯಬಾರ್ದು. ಸಣ್ಣಗ ಬಿಡಕೋತ ಬರಬೇಕು. ಏರಿಧಂಗ ಗಾಳಿ ಹಿಗ್ಗತೈತಿ, ಹಿಡಿದ್ರ ಪುಪ್ಪುಸ ಹರಿತೈತಿ."

ಮುದಕಪ್ಪ ನಕ್ಕ. "ಐವತ್ತೆರಡ ವರ್ಷಾತು ನನಗ. ಹಿಡಿಯೂದ ಕಲಿಸಿದಂವ ಸತ್ತುಹ್ವಾದ. ಬಿಡೂದು ಕಲಿಸಾಕ ಈಗ ನೀ ಬಂದಿ ನೋಡು."

ಕಲಿತ ಮಾತ್ರ ಖರೆ. ಮೇಲೇರುವಾಗ ತುಟಿಯಂಚಿನಿಂದ ಸಣ್ಣ ಗುಳ್ಳೆ ಬಿಡುತ್ತ ಬರುತ್ತಿದ್ದ. ಬಾಯಿಗಿಟ್ಟು ಉಸಿರೆಳೆಯುವ ರೆಗ್ಯುಲೇಟರ್ ಒಬ್ಬೊಬ್ಬರಿಗೆ ಎರಡಿರಬೇಕು, ಒಂದು ಆಪತ್ತಿಗೆಂದು. ಗುತ್ತಿಗೆದಾರ ಒಂದೊಂದೇ ಕೊಟ್ಟಿದ್ದ. ಆದ್ದರಿಂದ ಒಬ್ಬನ ಗಾಳಿ ಮುಗಿದರೆ ಒಂದನ್ನೇ ಇಬ್ಬರೂ ಬಳಸುವುದನ್ನೂ ಕಲಿಸಿದೆ. ನೀನು ಎರಡು ಉಸಿರು ಎಳೆ, ನನಗೆ ಕೊಡು, ನಾನು ಎರಡು ಎಳೆದು ನಿನಗೆ ಕೊಡುತ್ತೇನೆ. ಸರದಿ ತಪ್ಪಿಸಬಾರದು.

"ಒಂದ ಬೀಡಿ ಇಬ್ಬರು ಸೇದಿಧಂಗ," ಎಂದು ಮುದಕಪ್ಪ ಖುಷಿಪಟ್ಟ. ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಪಾಠ.

ಕಳೆದ ಫೆಬ್ರುವರಿಯಲ್ಲಿ ಒಂದು ಬಾವಿಗೆ ಇಳಿದೆವು. ನಲವತ್ತು ಅಡಿ ಆಳ. ಜಾಳಿಗೆಗೆ ಟೊಂಗೆ, ಸೀರೆಯ ಚೂರು, ಹರಿದ ಮೀನುಬಲೆ ಸುತ್ತಿಕೊಂಡಿದ್ದವು. ಬಲೆ ಕತ್ತರಿಸುತ್ತಿದ್ದಾಗ ಅದು ನನ್ನ ಕಾಲಿಗೇ ಬಿಗಿಯಿತು. ಎಳೆದಾಡಿದೆ, ಇನ್ನಷ್ಟು ಬಿಗಿಯಿತು. ಗಾಳಿಯ ಮೀಟರಿನ ಮುಳ್ಳು ಅರ್ಧದಲ್ಲಿತ್ತು, ಹಾಗಾಗಿ ಹೆದರಲಿಲ್ಲ. ಅದು ಕೆಟ್ಟು ನಿಂತದ್ದೆಂದು ತಿಳಿದದ್ದು ರೆಗ್ಯುಲೇಟರ್ ಎಳೆದರೆ ಏನೂ ಬಾರದಿದ್ದಾಗ.

ಕುತ್ತಿಗೆಯ ಮುಂದೆ ಕೈ ಅಡ್ಡ ಆಡಿಸಿದೆ, ಗಾಳಿ ಇಲ್ಲ ಎಂಬ ಸನ್ನೆ. ಮುದಕಪ್ಪ ತನ್ನ ಬಾಯಿಯದನ್ನು ತೆಗೆದು ನನ್ನ ಬಾಯಿಗಿಟ್ಟ. ಎರಡು ಉಸಿರು. ಮರಳಿ ಕೊಟ್ಟೆ. ತಾನು ಎರಡು ಎಳೆದು, ಬಗ್ಗಿ ಬಲೆ ಕತ್ತರಿಸಿದ. ಎದ್ದು ಬಂದು ನನಗೆ ಎರಡು ಕೊಟ್ಟ. ಹೀಗೆ ಐದೋ ಆರೋ ಸಲ. ಆ ರಾಡಿಯಲ್ಲಿ, ಅಂಥ ಹೊತ್ತಿನಲ್ಲಿ, ಸರದಿಯನ್ನು ಅಷ್ಟು ನೆಟ್ಟಗೆ ಪಾಲಿಸಿದ ಇನ್ನೊಬ್ಬನನ್ನು ನಾನು ಕಂಡಿಲ್ಲ. ಆದರೆ ಅವನು ಬಗ್ಗಿದಾಗಲೆಲ್ಲ ಗಾಳಿ ನನ್ನಿಂದ ದೂರ ಹೋಗುತ್ತಿತ್ತು, ಆ ಮಬ್ಬಿನಲ್ಲಿ ಉಸಿರಿಲ್ಲದೆ ಕಾಯಬೇಕಾಗುತ್ತಿತ್ತು. ಕಾಲು ಬಿಡುವ ಹೊತ್ತಿಗೆ ನಾನು ನಾನಾಗಿರಲಿಲ್ಲ.

ಒಬ್ಬರ ಸಿಲಿಂಡರಿನ ಪಟ್ಟಿ ಒಬ್ಬರು ಹಿಡಿದು ಏರಿದೆವು. ರೆಗ್ಯುಲೇಟರ್ ನನ್ನ ಬಾಯಲ್ಲಿತ್ತು. ನಾನು ಕಲಿಸಿದಂತೆಯೇ ಅವನ ತುಟಿಯಿಂದ ಸಣ್ಣ ಗುಳ್ಳೆಗಳು ಬರುತ್ತಿದ್ದವು. ಇಪ್ಪತ್ತೈದು ಅಡಿಯ ಹತ್ತಿರ ಅವನು ಕೈ ಚಾಚಿದ. ಅವನ ಸರದಿ. ನಾನು ಕೊಡಲಿಲ್ಲ. ಎರಡೂ ಕೈಯಲ್ಲಿ ಅದನ್ನು ಬಾಯಿಗೆ ಒತ್ತಿಕೊಂಡೆ. ಅವನು ನನ್ನ ಮಣಿಕಟ್ಟಿಗೆ ಎರಡು ಸಲ ತಟ್ಟಿದ. ಕೊಡಲಿಲ್ಲ. ಮಾಸ್ಕಿನ ಗಾಜಿನೊಳಗಿಂದ ನನ್ನ ಮುಖ ನೋಡಿದ, ಕೈ ಹಿಂದಕ್ಕೆ ತೆಗೆದುಕೊಂಡ, ಬಾಯಿ ಮುಚ್ಚಿದ. ಗುಳ್ಳೆಗಳು ನಿಂತುಹೋದವು. ಗಾಳಿ ಸಿಗುವುದಿಲ್ಲ ಎಂದು ಗೊತ್ತಾದ ಗಳಿಗೆ ಅವನು ನನ್ನ ಪಾಠ ಬಿಟ್ಟು ಅಪ್ಪನ ಪಾಠಕ್ಕೆ ಹೋದ. ಬಾವಿಯಿಂದ ಹೆಣ ತರುವಂತೆ ನನ್ನನ್ನು ಎಳೆದುಕೊಂಡು, ಇದ್ದ ಉಸಿರನ್ನು ಬಿಗಿಹಿಡಿದು, ಜೋರಾಗಿ ಮೇಲೇರಿದ.

ಕಬ್ಬಿಣದ ಏಣಿ ಮುಟ್ಟಿದ ಮೇಲೆಯೇ ಉಸಿರು ಬಿಟ್ಟ. ಬಾಯಿಂದ ಕೆಂಪು ನೊರೆ ಬಂತು. ಎರಡು ಮೆಟ್ಟಿಲು ಹತ್ತಿದ, ಬಲಗೈ ಜಾರಿತು, ನನ್ನ ಮೇಲೇ ಬಿದ್ದ.

ಪುಪ್ಪುಸ ಹರಿದು ಗಾಳಿ ರಕ್ತಕ್ಕೆ ಸೇರಿ ಮಿದುಳಿಗೆ ಹತ್ತಿದೆ ಎಂದರು ಡಾಕ್ಟರು. ಜೀವ ಉಳಿಯಿತು, ಬಲಭಾಗ ಹೋಯಿತು. ಮಾತು ತೊದಲಾಯಿತು. ವಾರದ ಮೇಲೆ ವಿಚಾರಣೆಗೆಂದು ಅಧಿಕಾರಿಯೊಬ್ಬರು ಆಸ್ಪತ್ರೆಗೆ ಬಂದರು. ನಾನು ಮಂಚದ ಈಚೆ ನಿಂತಿದ್ದೆ. ಇವನು ಈಗ ಹೇಳುತ್ತಾನೆ, ಹೇಳಲಿ, ಮುಗಿದುಹೋಗಲಿ ಎಂದುಕೊಂಡೆ. ಮುದಕಪ್ಪ ನನ್ನ ಕಡೆ ನೋಡಲೂ ಇಲ್ಲ.

"ನಾನ ಬ್ಯಾಡ ಅಂದೆ, ಸಾಹೇಬ್ರ. ಇರಲಿ, ನೀನ ಇಟ್ಟಗೋ ಅಂದೆ. ನನಗ ಉಸುರು ಹಿಡಿದ ರೂಢಿ."

"ಹಿಡಿಯಬಾರದು ಅಂತ ಹೇಳಿದ್ದಿರಾ?" ಅಧಿಕಾರಿ ನನ್ನನ್ನು ಕೇಳಿದರು.

"ಹೇಳಿದ್ದೆ," ಎಂದೆ. ಸುಳ್ಳಲ್ಲ ನೋಡಿ. ಎಷ್ಟು ಸೊಗಸಾದ ಸತ್ಯ! ನಿಯಮ ಮೀರಿ ಉಸಿರು ಹಿಡಿದದ್ದರಿಂದ, ಸ್ವಂತ ತಪ್ಪಿನಿಂದ ಆದ ಅಪಘಾತ ಎಂದು ಬರೆದರು. ನಾನು ಸಹಿ ಹಾಕಿದೆ. ಪರಿಹಾರ ಕೊಡುವುದು ತಪ್ಪಿದ ಗುತ್ತಿಗೆದಾರ ಹೊರಗೆ ಬಂದು ನನ್ನ ಬೆನ್ನು ತಟ್ಟಿದ. ಆ ಕೈಯನ್ನು ಕಡಿಯಬೇಕೆನಿಸಿತು, ನನ್ನದನ್ನೂ.

ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಜೋಡಿಗೆ ಉಸಿರು ಬಿಟ್ಟುಕೊಟ್ಟವನೆಂದು ಮುಂಡರಗಿಯ ಒಂದು ಸಂಘದವರು ಮುದಕಪ್ಪನಿಗೆ ಸನ್ಮಾನ ಇಟ್ಟುಕೊಂಡರು. ಖುರ್ಚಿ ಸಮೇತ ಎತ್ತಿ ವೇದಿಕೆಗೆ ತಂದರು, ಶಾಲು ಹೊದಿಸಿದರು, ಸ್ವಾಧೀನವಿಲ್ಲದ ಕೈಯಲ್ಲಿ ಹಣ್ಣಿನ ಬುಟ್ಟಿ ಇಟ್ಟರು. ಬದುಕಿ ಬಂದವರು ನಾಲ್ಕು ಮಾತಾಡಲಿ ಎಂದು ಮೈಕು ನನ್ನ ಕೈಗೆ ಕೊಟ್ಟರು. ಖರೆ ಹೇಳಲೆಂದೇ ಎದ್ದಿದ್ದೆ. ಮುಂದಿನ ಸಾಲಿನಲ್ಲಿ ಅವನ ಹೆಂಡತಿ ಶಾರದವ್ವ ಹೊಸ ಸೀರೆಯುಟ್ಟು ಕೂತಿದ್ದಳು, ಮಂದಿ ತುಂಬಿದ್ದರು. ನನ್ನ ಬಾಯಿ ತಾನಾಗಿಯೇ ಶುರುಮಾಡಿತು: ನಾನು ಕೊಡಲು ಹೋದರೂ ಮುದಕಪ್ಪಕಾಕಾ ತಳ್ಳಿದರು, ನೀನು ಚಿಕ್ಕವನು, ನೀನು ಬದುಕು ಎಂದು ಸನ್ನೆ ಮಾಡಿದರು. ಜನ ಕಣ್ಣೊರೆಸಿಕೊಂಡರು. ಹತ್ತು ನಿಮಿಷ ಮಾತಾಡಿದೆ.

ಆಮೇಲೆ ನಿದ್ದೆ ಕೆಟ್ಟಿತು, ಅನ್ನ ಸೇರದಾಯಿತು. ಇಪ್ಪತ್ತು ದಿನ ತಡೆದು, ಒಂದು ಮಧ್ಯಾಹ್ನ ಅವನ ಮನೆಗೆ ಹೋದೆ. ಮುದಕಪ್ಪ ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದ. ಶಾರದವ್ವ ಒಳಗೆ ಚಹಾ ಇಡಲು ಹೋದಳು.

"ಕಾಕಾ, ನಾ ಆವತ್ತ ಕೊಡಲಿಲ್ಲ. ನೀವು ಕೈ ಮುಂದ ಮಾಡಿದ್ರಿ," ಎಂದೆ.

"ಗೊತ್ತೈತಿ. ನಂದ ಕೈ ಅದು."

"ಮತ್ತ ಸಾಹೇಬರ ಮುಂದ ಯಾಕ ಹಂಗ ಹೇಳಿದ್ರಿ?"

ಅವನು ತೊದಲುತ್ತ ಒಂದೊಂದೇ ಮಾತು ಕೂಡಿಸಿದ. "ಖರೆ ಹೇಳಿದ್ರ, ಶಫೀಕ ಕಸಗೊಂಡ ಅನ್ನೂದಿಲ್ಲ ಮಂದಿ. ಸಾಬ ಕಸಗೊಂಡ ಅಂತಾರ. ನಮ್ಮೂರಾಗೂ ಕರೀಮಸಾಬನ ಮನಿ ಐತಿ, ಸುಗ್ರಾಬಿ ಅದಾಳ. ಅವರೇನ ಮಾಡ್ಯಾರ?"

ನನಗೆ ಅಳು ಬಂತು. ಕಾಲು ಹಿಡಿಯಲು ಬಗ್ಗಿದೆ. ಎಡಗೈಯಿಂದ ತಡೆದ.

"ನೀರಾಗಿಂದಕ್ಕ ಸಿಟ್ಟಿಲ್ಲ ನನಗ. ಎಷ್ಟ ಮಂದೀನ ಎತ್ತೇನಿ, ಮುಳಗಾವ್ರ ಕೈ ಹೆಂಗ ಹಿಡಿತಾವ ಗೊತ್ತೈತಿ. ಅಲ್ಲಿ ನಿನಗ ಉಸುರು ಇರಲಿಲ್ಲ, ಒಪ್ಪಿದೆ." ಜೋತ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. "ಸ್ಟೇಜಿನ ಮ್ಯಾಲೆ ಭಾಳ ಇತ್ತಲ್ಲೋ."

ನಾನು ಶಾರದವ್ವ ಹೋದ ಒಳಬಾಗಿಲ ಕಡೆ ನೋಡಿದೆ. "ಇವತ್ತ ಕಾಕೂಗ ಎಲ್ಲಾ ಹೇಳ್ತೀನ್ರಿ," ಎಂದೆ.

"ಬಾಯಿ ಮುಚ್ಚು. ನನ್ನ ಗಂಡ ಧರ್ಮಕ್ಕ ಕೊಟ್ಟಾನ ಅಂತ ಹೇಳಕೋತ ನನ್ನ ಹೇಲು ಬಳಿತಾಳ ಅಕಿ. ಅದನ್ನೂ ಕಸಗೋತಿ ಏನ?"

ಶಾರದವ್ವ ಎರಡು ಕಪ್ಪು ಚಹಾ ತಂದಳು. ನನ್ನ ಕೆಂಪು ಕಣ್ಣು ನೋಡಿ ಅವಳ ಮುಖ ಅರಳಿತು. "ನೋಡ್ರಿ, ಎಷ್ಟ ಪ್ರೀತಿ ಐತಿ ಹುಡುಗಗ ನಿಮ್ಮ ಮ್ಯಾಲೆ," ಎಂದಳು ಗಂಡನಿಗೆ. ನನಗೆ, "ತಗೊಳಪಾ, ಆರಿ ಹೋಗತೈತಿ," ಎಂದಳು.

ನಾನು ಕಪ್ಪು ತೆಗೆದುಕೊಂಡು ಕುಡಿದೆ. ಮುದಕಪ್ಪ ಗೋಡೆಯ ಕಡೆ ಮುಖ ಮಾಡಿದ.